ಮೂರು ಸಲ ಕೆಟ್ಟು ನಾಲ್ಕನೇ ಸಲ ಹಿಡಿದ ಬ್ರೇಕ್

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಗ್ಯಾರೇಜಿನಲ್ಲಿ ಹಾಕಿಸಿದ, ಬೈಕಿನ ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ನನಗೆ ಬಾಳಿಕೆ ಬರುತ್ತಿದ್ದದ್ದು 6-7 ಸಾವಿರ ಕಿ.ಮೀ. ಅಷ್ಟೇ. ಮನೆಯಲ್ಲಿ ನಾನೇ ಹಾಕಿದ ಈಗಿನ ಜೋಡಿ 14 ಸಾವಿರ ದಾಟಿದೆ. ಎರಡು ಮಳೆಗಾಲ ಕಂಡಿದೆ. ಇನ್ನೂ 2 ಮಿ.ಮೀ. ಮೇಲೆಯೇ ಉಳಿದಿದೆ. ಅದೇ ಬೈಕು, ಅದೇ ಕಂಪನಿಯ ಪ್ಯಾಡು, ಅದೇ ಆಗುಂಬೆ ಘಾಟಿ. ‘ಬ್ರೇಕಿನ ಜೊತೆ ಆಟ ಆಡ್ಬೇಡ ಮಾರಾಯಾ’ ಅಂತ ವರ್ಷವಿಡೀ ಬುದ್ಧಿ ಹೇಳಿದವರಿಗೆಲ್ಲ ಈಗ ನಾನು ಪ್ಯಾಡಿನ ದಪ್ಪ ಅಳೆಯುವ ವರ್ನಿಯರ್ ತೋರಿಸುತ್ತೇನೆ.

ನನ್ನದು 2014ರ ಪಲ್ಸರ್ 150. ಮುಂದೆ ಡಿಸ್ಕ್ ಬ್ರೇಕ್ (ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡು ಪ್ಯಾಡ್ ಅಕ್ಕಪಕ್ಕದಿಂದ ಒತ್ತಿ ಹಿಡಿಯುವುದು), ಹಿಂದೆ ಡ್ರಮ್. ಮನೆ ತೀರ್ಥಹಳ್ಳಿ ಹತ್ತಿರ, ಕೆಲಸ ಉಡುಪಿಯಲ್ಲಿ. ಸೋಮವಾರ ಬೆಳಿಗ್ಗೆ ಘಾಟಿ ಇಳಿದರೆ ಶನಿವಾರ ಸಂಜೆ ಹತ್ತುವುದು. ಆಗುಂಬೆಯಿಂದ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವು. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಬ್ರೇಕ್ ಏನು ಅನುಭವಿಸುತ್ತದೆ ಅಂತ ಅಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ಎಂಟು ತಿಂಗಳಿಗೊಮ್ಮೆ ಪ್ಯಾಡಿಗೆ 350, ಕೂಲಿ 150, ಹೀಗೆ ಐನೂರು ಹೋಗುತ್ತಿತ್ತು. ಘಾಟಿ ರಸ್ತೆ ಅಲ್ವಾ, ಸವೆಯೋದು ಸಹಜ ಅಂತ ನಾನೂ ಸುಮ್ಮನಿದ್ದೆ.

ಒಂದು ಸಲ ಹಳೇ ಪ್ಯಾಡುಗಳನ್ನು ಕೇಳಿ ಇಸ್ಕೊಂಡು ಬಂದೆ. ಮನೆಯ ಜಗಲಿಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಪ್ಯಾಡನ್ನು ತಳ್ಳುವ ಪಿಸ್ಟನ್ ಕಡೆಯದ್ದು ಸವೆದು ಕಬ್ಬಿಣದ ತಗಡಿಗೆ ಬಂದಿದೆ. ಇನ್ನೊಂದು ಅರ್ಧಕ್ಕಿಂತ ಜಾಸ್ತಿ ಹಾಗೇ ಇದೆ. ಗ್ಯಾರೇಜಿನವರನ್ನು ಕೇಳಿದರೆ ‘ಅದು ಹಂಗೇ ಸವೆಯೋದು’ ಅಂದರು. ನನಗೆ ಅದು ಒಪ್ಪಿಗೆ ಆಗಲಿಲ್ಲ. ಪ್ಯಾಡ್, ಪಿಸ್ಟನ್ ಎಲ್ಲ ಕೂರುವ ಕ್ಯಾಲಿಪರ್ ತನ್ನ ಪಿನ್ ಮೇಲೆ ಅತ್ತಿತ್ತ ಜಾರಿದರೆ ತಾನೇ ಎರಡೂ ಪ್ಯಾಡ್ ಒಂದೇ ಸಮ ಡಿಸ್ಕನ್ನು ಒತ್ತುವುದು? ಪಿನ್ ಜಾರದೆ ಹಿಡಿದುಕೊಂಡಿದೆ, ಒಂದೇ ಪ್ಯಾಡು ದುಡಿಯುತ್ತಿದೆ, ನಾನು ಎರಡಕ್ಕೆ ದುಡ್ಡು ಕೊಡುತ್ತಿದ್ದೇನೆ. ಇಷ್ಟು ಹೊಳೆದ ಮೇಲೆ ಮುಂದಿನ ಸಲ ನಾನೇ ಬಿಚ್ಚುತ್ತೇನೆ ಅಂತ ಮನೆಯಲ್ಲಿ ಘೋಷಣೆ ಮಾಡಿದೆ. ಭಾವ ನಕ್ಕರು. ‘ನೀನು ಬಿಚ್ಚೋದು ಬಿಚ್ತೀಯ, ಆಮೇಲೆ ಗೂಡ್ಸ್ ಆಟೋ ಮಾಡಿ ಗ್ಯಾರೇಜಿಗೆ ಕಳಿಸ್ಬೇಕಾಗುತ್ತೆ’ ಅಂದರು.

ಭಾವನ ಮಾತು ಮೊದಲ ಸಲ ಅರ್ಧ ನಿಜವಾಯಿತು. ಸಂತೆಯಲ್ಲಿ 120 ರೂಪಾಯಿಗೆ ತಂದ ಅಲೆನ್ ಕೀ (ಆರು ಮೂಲೆಯ ತೂತಿಗೆ ಹಾಕಿ ತಿರುಗಿಸುವ ಕೀ) ಸೆಟ್ಟು. ಕ್ಯಾಲಿಪರನ್ನು ಮೊದಲು ಮುಂದಿನ ಚಕ್ರ ಹಿಡಿದಿರುವ ಫೋರ್ಕಿನಿಂದ ಬಿಚ್ಚಿ, ಆಮೇಲೆ ಪ್ಯಾಡುಗಳನ್ನು ಹಿಡಿದಿಡುವ ಪ್ಯಾಡ್ ಪಿನ್ ತಿರುಗಿಸಲು ಹೋದೆ. ಒಂದು ಕೈಯಲ್ಲಿ ಕ್ಯಾಲಿಪರ್ ನೇತಾಡುತ್ತಿದೆ, ಇನ್ನೊಂದು ಕೈಯಲ್ಲಿ ಕೀ. ಪಿನ್ ತಿರುಗಲಿಲ್ಲ. ಅದರ ತಲೆಯ ಆರು ಮೂಲೆಯೂ ಸವೆದು ಗುಂಡಗಾಯಿತು. ಕ್ಯಾಲಿಪರನ್ನು ಹೇಗೋ ಮತ್ತೆ ಕೂರಿಸಿ, ಲೇತ್ ಅಂಗಡಿಯವರೆಗೆ ಒಂದೂವರೆ ಕಿಲೋಮೀಟರ್ ಬೈಕ್ ತಳ್ಳಿದೆ. ಅಲ್ಲಿಯ ಹುಡುಗ ಒಂದು ಸ್ಟಾರ್ ಬಿಟ್ಟನ್ನು (ನಕ್ಷತ್ರದಾಕಾರದ ಉಕ್ಕಿನ ತುಂಡು) ಆ ಗುಂಡಗಾದ ತೂತಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ. ಸ್ಪ್ಯಾನರ್ ಹಾಕಿ ತಿರುಗಿಸಿದ. ಎರಡೇ ನಿಮಿಷ. ದುಡ್ಡು ಬೇಡ ಅಂದ, ಚಾ ಕುಡಿಸಿದೆ. ಈಗ ನನ್ನ ಹತ್ತಿರವೂ ಅಂಥ ಸ್ಟಾರ್ ಬಿಟ್ ಇದೆ. ಆದರೆ ಅದಕ್ಕಿಂತ ಮುಖ್ಯವಾಗಿ, ಕ್ಯಾಲಿಪರ್ ಇನ್ನೂ ಫೋರ್ಕಿಗೆ ಗಟ್ಟಿಯಾಗಿ ಕೂತಿರುವಾಗಲೇ ಪ್ಯಾಡ್ ಪಿನ್ನನ್ನು ಕಾಲು ಸುತ್ತು ಸಡಿಲ ಮಾಡಿಕೊಳ್ಳುತ್ತೇನೆ. ಗೊತ್ತಿದ್ದವರಿಗೆ ಇದು ಅ ಆ ಇ ಈ. ನಾನು ಕಲಿತದ್ದು ಬೆವರು ಸುರಿಸಿ.

ಅದೇ ದಿನ ಇನ್ನೊಂದು ಎಡವಟ್ಟು. ವಾರದ ಹಿಂದೆಯಷ್ಟೇ ಬ್ರೇಕ್ ಆಯಿಲ್ ಕಮ್ಮಿಯಾಗಿದೆ ಅಂತ ಹ್ಯಾಂಡಲ್ ಮೇಲಿನ ಅದರ ಡಬ್ಬಿ ತುಂಬಾ ಹಾಕಿದ್ದೆ. ಹೊಸ ಪ್ಯಾಡ್ ದಪ್ಪ, ಅದಕ್ಕೆ ಜಾಗ ಮಾಡಲು ಪಿಸ್ಟನ್ ಒಳಗೆ ಒತ್ತಿದೆ. ಆಯಿಲ್ ಮೇಲೆ ಉಕ್ಕಿ ಟ್ಯಾಂಕಿನ ಮೇಲೆಲ್ಲ ಹರಿಯಿತು. ಒಣಬಟ್ಟೆಯಲ್ಲಿ ಒರೆಸಿ ಸುಮ್ಮನಾದೆ. ಮರುದಿನ ನೋಡಿದರೆ ಪೇಂಟ್ ಹಪ್ಪಳದ ಹಾಗೆ ಗುಳ್ಳೆ ಎದ್ದಿದೆ. ಬ್ರೇಕ್ ಆಯಿಲ್ ಬಿದ್ದರೆ ಒರೆಸಿದರೆ ಸಾಲದು, ಕೂಡಲೇ ನೀರು ಸುರಿಯಬೇಕು. ನೀರಿನಲ್ಲಿ ಕರಗಿ ಹೋಗುತ್ತದೆ. ಈಗ ಪಿಸ್ಟನ್ ಒತ್ತುವ ಮೊದಲು ಸಿರಿಂಜಿನಲ್ಲಿ ಸ್ವಲ್ಪ ಎಳೆದುಕೊಳ್ಳುತ್ತೇನೆ, ಟ್ಯಾಂಕಿನ ಮೇಲೆ ಒದ್ದೆ ಗೋಣಿಚೀಲ ಹಾಕುತ್ತೇನೆ. ಆ ಗುಳ್ಳೆಯ ಮೇಲೆ ಸದ್ಯಕ್ಕೆ ಯಕ್ಷಗಾನದ ಕಿರೀಟದ ಸ್ಟಿಕ್ಕರ್ ಇದೆ. ಚೆನ್ನಾಗೇ ಕಾಣುತ್ತದೆ.

ಎರಡನೇ ಸಲದ್ದು ಗ್ರೀಸಿನ ಕಥೆ. ಕ್ಯಾಲಿಪರ್ ಜಾರುವ ಪಿನ್ ಎರಡನ್ನೂ ಹೊರಗೆ ಎಳೆಯಲು ಹೋದೆ. ಒಂದು ಬಂತು, ಇನ್ನೊಂದು ತುಕ್ಕು ಹಿಡಿದು ಕೂತಿತ್ತು. ತಿರುಚಿ ತಿರುಚಿ ತೆಗೆದಾಗ ಒಳಗಿಂದ ಕೆಮ್ಮಣ್ಣಿನ ಬಣ್ಣದ ಪೇಸ್ಟ್ ಬಂತು. ಎಮರಿ ಪೇಪರಿನಲ್ಲಿ ಉಜ್ಜಿ, ಮನೆಯಲ್ಲಿದ್ದ ಬೇರಿಂಗ್ ಗ್ರೀಸನ್ನು ಧಾರಾಳವಾಗಿ ಮೆತ್ತಿದೆ. ಒಂದು ತಿಂಗಳು ಬ್ರೇಕು ಬೆಣ್ಣೆ. ಎರಡನೇ ತಿಂಗಳಿಗೆ ಮುಂಚಿಗಿಂತ ಬಿಗಿ! ಬಿಚ್ಚಿ ನೋಡಿದರೆ ಪಿನ್ನಿನ ಮೇಲಿನ ರಬ್ಬರ್ ಕವಚ, ಅಂದರೆ ಬೂಟು, ನೆನೆಸಿದ ಕಡಲೆಯ ಹಾಗೆ ಊದಿಕೊಂಡಿದೆ. ಮಾಮೂಲಿ ಗ್ರೀಸು ಈ ರಬ್ಬರಿಗೆ ಆಗುವುದಿಲ್ಲ, ರಬ್ಬರಿಗೆ ಒಗ್ಗುವ ಸಿಲಿಕೋನ್ ಗ್ರೀಸಿನಂಥದ್ದು ಬೇಕು. ಬೂಟಿನ ಸೆಟ್ಟಿಗೆ 180, ಸಿಲಿಕೋನ್ ಗ್ರೀಸ್ ಸಣ್ಣ ಟ್ಯೂಬಿಗೆ ಇನ್ನೂರರ ಹತ್ತಿರ ಹೋಯಿತು. ಆ ಟ್ಯೂಬು ಇನ್ನೂ ಅರ್ಧ ಇದೆ.

ಮೂರನೇ ಸಲ ಎಲ್ಲ ಸರಿ ಮಾಡಿದೆ, ಒಂದನ್ನು ಬಿಟ್ಟು. ಹೊಸ ಪ್ಯಾಡ್ ಕೂರಿಸಿ, ಬೋಲ್ಟ್ ಬಿಗಿ ಮಾಡಿ, ಖುಷಿಯಲ್ಲಿ ಸ್ಟಾರ್ಟ್ ಮಾಡಿ ಅಂಗಳ ದಾಟಲು ಹೋದೆ. ಒಳಗೆ ಒತ್ತಿದ ಪಿಸ್ಟನ್ ಹೊರಗೆ ಬರುವವರೆಗೆ ಬ್ರೇಕ್ ಲಿವರನ್ನು ಮತ್ತೆ ಮತ್ತೆ ಒತ್ತಬೇಕು ಅನ್ನುವುದು ಮರೆತೇ ಹೋಗಿತ್ತು. ಲಿವರ್ ಒತ್ತಿದರೆ ಸೀದಾ ಹ್ಯಾಂಡಲ್ಲಿಗೆ ಬಂತು. ಗಾಬರಿಯಲ್ಲಿ ಹಿಂದಿನ ಬ್ರೇಕ್ ನೆನಪಿಗೇ ಬರಲಿಲ್ಲ. ಬೇಯಿಸಿದ ಅಡಿಕೆ ಒಣಗಲು ಹರಡಿದ್ದರು, ಅದರ ಮೇಲೆ ನುಗ್ಗಿ ಬಿದ್ದೆ. ಅಪ್ಪಯ್ಯ ಜಗಲಿಯಿಂದ ಎದ್ದೂ ಬರಲಿಲ್ಲ. ‘ಅಡಿಕೆ ಇದ್ದದ್ದು ಒಳ್ಳೇದಾಯ್ತು ಮಗಾ. ಇಲ್ಲದಿದ್ರೆ ಮುಂದೆ ಬಾವಿ’ ಅಂದರು. ಚದುರಿದ ಅಡಿಕೆ ಆರಿಸಲು ಸಂಜೆಯಾಯಿತು. ಈಗ ಸ್ಟ್ಯಾಂಡಿನ ಮೇಲೆಯೇ ಇಪ್ಪತ್ತು ಮೂವತ್ತು ಸಲ ಲಿವರ್ ಒತ್ತಿ, ಅದು ಕಲ್ಲಿನ ಹಾಗೆ ಗಟ್ಟಿಯಾದ ಮೇಲೆಯೇ ಕೀ ಹಾಕುತ್ತೇನೆ.

ಈ ನಡುವೆ ಬೇರೆ ಪ್ರಯೋಗಗಳೂ ಆದವು. ಫೋರ್ಕ್ ಆಯಿಲ್ ಸೋರಿ ಒಂದು ಜೋಡಿ ಪ್ಯಾಡ್ ಎಣ್ಣೆ ಕುಡಿದಿತ್ತು. ಅದನ್ನು ಗ್ಯಾಸ್ ಒಲೆಯ ಮೇಲೆ ಸುಟ್ಟರೆ ಎಣ್ಣೆ ಹೋಗುತ್ತದೆ ಅಂತ ಯಾರೋ ಹೇಳಿದ್ದರು. ಹೊಗೆ ಬಂತು, ವಾಸನೆ ಬಂತು, ಹೆಂಡತಿ ಬಂದಳು. ಪ್ಯಾಡ್ ಮಾತ್ರ ಸುಧಾರಿಸಲಿಲ್ಲ. ಎರಡು ದಿನ ಹಾಕಿ ನೋಡಿದೆ, ಮಂಜುಗಡ್ಡೆ ಮೇಲೆ ಹೋದ ಹಾಗೆ. ಎಣ್ಣೆ ಕುಡಿದ ಪ್ಯಾಡನ್ನು ಎಸೆಯಿರಿ, 350 ರೂಪಾಯಿಯ ಮುಖ ನೋಡಬೇಡಿ. ಇನ್ನೊಮ್ಮೆ 900 ಕೊಟ್ಟು ಸಿಂಟರ್ಡ್ ಪ್ಯಾಡ್ (ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು) ತರಿಸಿದೆ. ಮಳೆಯಲ್ಲಿ ಹಿಡಿತ ನಿಜಕ್ಕೂ ಜೋರು, ಸುಳ್ಳು ಹೇಳಬಾರದು. ಆದರೆ ಮೂರು ತಿಂಗಳಲ್ಲಿ ಡಿಸ್ಕಿನ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಬಿತ್ತು. ಡಿಸ್ಕಿನ ರೇಟು ವಿಚಾರಿಸಿ ಬಂದು, ಅವತ್ತೇ ಹಳೇ ತರದ ಪ್ಯಾಡಿಗೆ ವಾಪಸ್ ಬಂದೆ.

ನಾಲ್ಕನೇ ಸಲ ಮಾಡಿದ್ದೇ ಈಗ ಓಡುತ್ತಿರುವುದು. ಪ್ಯಾಡ್ ಬದಲಿಸಲು ಹತ್ತೇ ನಿಮಿಷ. ಮಿಕ್ಕ ಒಂದೂವರೆ ಗಂಟೆ ಪಿನ್ನಿಗೆ, ಪಿಸ್ಟನ್ನಿಗೆ. ಹಳೇ ಪ್ಯಾಡ್ ತೆಗೆದ ಮೇಲೆ ಮಧ್ಯೆ ಒಂದು ರೀಪಿನ ತುಂಡು ಇಟ್ಟು ಲಿವರನ್ನು ಮೆಲ್ಲಗೆ ಒಂದೆರಡು ಸಲ ಒತ್ತುತ್ತೇನೆ. ಪಿಸ್ಟನ್ ಸ್ವಲ್ಪ ಹೊರಗೆ ಬರುತ್ತದೆ. ಅದರ ಸುತ್ತ ಕಪ್ಪು ಉಂಗುರದ ಹಾಗೆ ಕೂತ ಕೊಳೆ ಆಗ ಕಾಣುತ್ತದೆ. ಹಳೇ ಟೂತ್ ಬ್ರಷ್, ಸೋಪಿನ ನೀರು, ಸುತ್ತಲೂ ಬೆಳ್ಳಗಾಗುವವರೆಗೆ ತಿಕ್ಕು. ಈ ಕೊಳೆ ಸಮೇತ ಪಿಸ್ಟನ್ ಒಳಗೆ ಒತ್ತಿದರೆ ಅದರ ಸುತ್ತಲಿನ ರಬ್ಬರ್ ಸೀಲು ಹಾಳಾಗುತ್ತದೆ. ಹೆಚ್ಚಿನ ಕಡೆ ಮಾಡುವುದು ಅದನ್ನೇ, ಸ್ಕ್ರೂ ಡ್ರೈವರ್ ಹಾಕಿ ಒಂದು ಮೀಟು ಅಷ್ಟೇ. ಪೆಟ್ರೋಲ್, ಸೀಮೆಎಣ್ಣೆ ಹತ್ತಿರವೂ ತರಬೇಡಿ. ಪ್ಯಾಡಿನ ಧೂಳನ್ನು ಬಾಯಲ್ಲಿ ಊದಲೂಬೇಡಿ, ಒದ್ದೆ ಮಾಡಿಯೇ ತೊಳೆಯಿರಿ.

ಪಿನ್ ಕೂರುವ ರಂಧ್ರದ ಒಳಗಿನ ಹಳೇ ಗ್ರೀಸ್ ಪೂರಾ ತೆಗೆಯಬೇಕು. ಅದಕ್ಕೆ ನಾನು ಏನು ಬಳಸುತ್ತೇನೆ ಅಂತ ಹೇಳುವುದಿಲ್ಲ. ಹತ್ತು ರೂಪಾಯಿಯ ಸಾಮಾನು, ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವುದಿಲ್ಲ, ಇಷ್ಟು ಸಾಕು. ಹೊಸ ಗ್ರೀಸು ತೆಳ್ಳಗೆ ಸವರಿದರೆ ಸಾಕು. ಪಿನ್ ಒಳಗೆ ಹೋಗುವಾಗ ಬೂಟಿನ ಅಂಚನ್ನು ಉಗುರಿನಲ್ಲಿ ಎತ್ತಿ ಗಾಳಿ ಬಿಡಬೇಕು. ‘ಪುಸ್’ ಅನ್ನುತ್ತದೆ. ಇಲ್ಲದಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿಯೇ ಪಿನ್ನನ್ನು ಹೊರಗೆ ನೂಕುತ್ತಿರುತ್ತದೆ. ಕೊನೆಗೆ ಕ್ಯಾಲಿಪರನ್ನು ಎರಡು ಬೆರಳಲ್ಲಿ ತಳ್ಳಿ ನೋಡಿ. ಎಣ್ಣೆ ಹಾಕಿದ ಕಪಾಟಿನ ಬಾಗಿಲಿನ ಹಾಗೆ ಜಾರಬೇಕು.

ಹೊಸ ಪ್ಯಾಡ್ ಹಾಕಿದ ಮಾರನೇ ದಿನವೇ ಘಾಟಿ ಇಳಿಯುವುದಿಲ್ಲ. ಊರಿನ ನೇರ ರಸ್ತೆಯಲ್ಲಿ 50ರಿಂದ 10ರ ಸ್ಪೀಡಿಗೆ ಇಳಿಸುವುದು, ಮತ್ತೆ ಏರಿಸುವುದು, ಹೀಗೆ ಮೂವತ್ತು ಸಲ. ಪೂರ್ತಿ ನಿಲ್ಲಿಸಿ ಲಿವರ್ ಹಿಡಿದುಕೊಂಡು ಕೂರುವುದಿಲ್ಲ. ನೂರೈವತ್ತು ಕಿಲೋಮೀಟರ್ ಆದ ಮೇಲೆ ಘಾಟಿ. ಅದೂ ಎರಡನೇ ಗೇರಿನಲ್ಲಿ.

ಖರ್ಚಿನ ವಿಷಯ ಕೇಳಬೇಡಿ ಅಂದರೂ ಹೇಳುತ್ತೇನೆ. 1,800ರ ಟಾರ್ಕ್ ರೆಂಚು (ಬೋಲ್ಟನ್ನು ಇಂತಿಷ್ಟೇ ಅಂತ ಅಳೆದು ಬಿಗಿ ಮಾಡುವ ಸ್ಪ್ಯಾನರ್), ಎರಡನೇ ಅಲೆನ್ ಸೆಟ್ಟು, ಬೂಟು, ಗ್ರೀಸು, ಸುಟ್ಟ ಪ್ಯಾಡು, ಸಿಂಟರ್ಡ್ ಪ್ಯಾಡು ಎಲ್ಲ ಸೇರಿ ನಾಲ್ಕು ಸಾವಿರ ಮೇಲೆ ಹೋಗಿದೆ. ಗ್ಯಾರೇಜಿಗೆ ಕೊಡದೆ ಉಳಿಸಿದ್ದು ಸಾವಿರ ಇರಬಹುದು. ಹೆಂಡತಿ ಈ ಲೆಕ್ಕ ಬಾಯಿಪಾಠ ಮಾಡಿಕೊಂಡಿದ್ದಾಳೆ.

ಹೋದ ಭಾನುವಾರ ಭಾವ ಬಂದರು. ಚಾ ಕುಡಿದು, ಅಡಿಕೆ ರೇಟು ಮಾತಾಡಿ, ಹೊರಡುವ ಹೊತ್ತಿಗೆ ‘ನನ್ನ ಗಾಡೀದು ಮುಂದೆ ಏನೋ ಕರ್ ಕರ್ ಅಂತದೆ, ಒಂಚೂರು ನೋಡ್ತೀಯಾ?’ ಅಂದರು. ಬಿಚ್ಚಿದೆ. ಒಂದು ಪ್ಯಾಡ್ ತಗಡಿಗೆ ಬಂದಿತ್ತು, ಇನ್ನೊಂದು ಹೊಸದರ ಹಾಗಿತ್ತು. ಎರಡನ್ನೂ ಜಗಲಿಯ ಮೇಲೆ ಅವರ ಮುಂದೆ ಇಟ್ಟು, ವರ್ನಿಯರ್ ತರಲು ಒಳಗೆ ಹೋದೆ.