ದುಡಿಯುವವನು ತೀರಿಕೊಂಡ ಮನೆ: ಯಾವ ಕಾಗದ ಮೊದಲು, ಯಾವುದು ಆಮೇಲೆ

ದುಡಿಯುವ ಗಂಡಸು ತೀರಿಕೊಂಡ ಮನೆಗೆ ಮೊದಲ ಸಲ ಹೋಗುವಾಗ ನಾನು ಅರ್ಜಿ ನಮೂನೆ ಒಯ್ಯುವುದಿಲ್ಲ. ಅಕ್ಕಿ ಎಷ್ಟು ದಿನಕ್ಕಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಅವನ ಹೆಂಡತಿಗೆ ಊಟ ನಿದ್ದೆ ಇದೆಯೇ ಎಂದು ನೋಡಿ ಬರುತ್ತೇನೆ, ಅಷ್ಟೇ. ‘ನಾನೂ ಹೋಗಿಬಿಡ್ತೀನಿ’ ಎಂಬ ಮಾತು ಬಾಯಿಂದ ಬಂದರೆ ಮಾತ್ರ ಉಳಿದದ್ದೆಲ್ಲ ಆಮೇಲೆ. ಅಲ್ಲೇ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚಿಕೊಡುವುದು, ಆ ರಾತ್ರಿ ಅವಳ ಜೊತೆ ಯಾರು ಮಲಗುತ್ತಾರೆ ಎಂದು ಹೆಸರು ಹಿಡಿದು ಗೊತ್ತುಮಾಡುವುದು.

ಹೊರಡುವಾಗ ಹೇಳುವುದು ಒಂದೇ ಮಾತು: ತಿಥಿ ಮುಗಿಯುವವರೆಗೆ ಯಾವ ಕಾಗದಕ್ಕೂ ಸಹಿ, ಹೆಬ್ಬೆಟ್ಟು ಬೇಡ. ಜಮೀನಿನ ಹಕ್ಕು ಬಿಡುಗಡೆ ಪತ್ರ ಮುಂದೆ ಬರುವುದು ನೆಂಟರೆಲ್ಲ ಸೇರಿರುವ ಆ ದಿನಗಳಲ್ಲೇ.

ಎರಡನೇ ಭೇಟಿಯಲ್ಲಿ ಚಾಪೆಯ ಮೇಲೆ ಎಲ್ಲ ಹರಡಿಸುತ್ತೇನೆ: ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಪಹಣಿ, ಕಾರ್ಮಿಕ ಕಾರ್ಡ್, ಸಾಲದ ಕಾರ್ಡ್. ನೋಡುವುದು ಹೆಸರುಗಳನ್ನು. ಆಧಾರ್‌ನಲ್ಲಿ ಮಂಜುನಾಥ, ಪಹಣಿಯಲ್ಲಿ ಮಂಜಪ್ಪ, ಬ್ಯಾಂಕಿನಲ್ಲಿ ಇನ್ನೇನೋ. ಮರಣ ನೋಂದಣಿಗೆ ಹೋಗುವವನು ಸಾಮಾನ್ಯವಾಗಿ ತಮ್ಮನೋ ಪಕ್ಕದ ಮನೆಯವನೋ. ಊರಲ್ಲಿ ಕರೆಯುವ ಹೆಸರನ್ನೇ ಬರೆಸಿ ಬರುತ್ತಾನೆ. ಮುಂದೆ ಎಲ್ಲ ಅರ್ಜಿಗಳೂ ಮುಗ್ಗರಿಸುವುದು ಇಲ್ಲೇ. 21 ದಿನದೊಳಗೆ ನೋಂದಣಿಗೆ ಶುಲ್ಕವಿಲ್ಲ. 30 ದಿನ ದಾಟಿದರೆ ಅನುಮತಿ ಪತ್ರ, ಸ್ವಯಂ ದೃಢೀಕರಿಸಿದ ದಾಖಲೆ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಸಾವು ನೋಂದಣಿಯಾಗುವುದು ಸತ್ತ ಜಾಗದಲ್ಲಿ, ಸ್ವಂತ ಊರಿನಲ್ಲಲ್ಲ. ಜಿಲ್ಲಾಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅಲ್ಲಿನ ದಾಖಲೆಯಲ್ಲಿ ಹೆಸರು ಹೇಗಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಪಾಸ್‌ಬುಕ್ ಅನ್ನು ನಿಧಾನವಾಗಿ ಓದಬೇಕು. ಮೇ ಕೊನೆ, ಜೂನ್ ಮೊದಲ ವಾರದ ಸಾಲುಗಳಲ್ಲಿ 436 ಅಥವಾ 20 ರೂಪಾಯಿ ಕಡಿತ ಕಂಡರೆ ವಿಮೆ ಇದೆ ಎಂದರ್ಥ. 436 ಜೀವನ ಜ್ಯೋತಿಯದು, ಸಹಜ ಸಾವಿಗೂ 2 ಲಕ್ಷ. 20 ಸುರಕ್ಷಾ ಬಿಮಾದ್ದು, ಅಪಘಾತಕ್ಕೆ ಮಾತ್ರ 2 ಲಕ್ಷ. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇರುವುದಿಲ್ಲ. ಖಾತೆ ತೆರೆಯುವಾಗ ಯಾವುದೋ ಹಾಳೆಗೆ ಸಹಿ ಹಾಕಿರುತ್ತಾರೆ. ಅಪಘಾತವಾದರೆ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ ಬೇಕು. ಹಾವು ಕಚ್ಚಿದ್ದಕ್ಕೆ, ಮರದಿಂದ ಬಿದ್ದದ್ದಕ್ಕೆ ಆಸ್ಪತ್ರೆಯ ದಾಖಲೆ. ಅಡಿಕೆ ಮರದಿಂದ ಬಿದ್ದವನನ್ನು ‘ಹೆಣ ಕೊಯ್ಯಿಸೋದು ಬೇಡ’ ಎಂದು ಆಸ್ಪತ್ರೆಗೂ ತೋರಿಸದೆ ಸುಟ್ಟುಬಿಟ್ಟರೆ ಆಮೇಲೆ ಯಾರೂ ಏನೂ ಮಾಡಲಾಗದು. ಸತ್ತವರ ಎಟಿಎಂ ಕಾರ್ಡಿನಲ್ಲಿ ದುಡ್ಡು ತೆಗೆಯುವುದೂ ಬೇಡ. ಆ ತಕರಾರು ವಾರಸುದಾರರ ನಡುವೆ ಬಹಳ ದಿನ ಎಳೆಯುತ್ತದೆ.

ಮರಣ ಪತ್ರ ಕೈಗೆ ಬಂದ ಮೇಲೆ ನಾಡಕಚೇರಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಮಗಳನ್ನೂ ಅತ್ತೆಯನ್ನೂ ಬಿಟ್ಟು ಬರೆಸುವ ಚಾಳಿ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸತ್ತವನ ತಾಯಿಗೂ ಹೆಂಡತಿ ಮಕ್ಕಳಷ್ಟೇ ಪಾಲು. ಬಿಟ್ಟರೆ ತಕರಾರು ಬಿದ್ದು ಪೌತಿ ಖಾತೆ, ಅಂದರೆ ಸತ್ತವನ ಜಮೀನು ವಾರಸುದಾರರ ಹೆಸರಿಗೆ ಆಗುವುದು, ನಿಲ್ಲುತ್ತದೆ. ಆದಾಯ ಪತ್ರ ಸಿಕ್ಕ ಮೇಲೆ ವಿಧವಾ ವೇತನ, ತಿಂಗಳಿಗೆ 800. ಬಿಪಿಎಲ್ ಮನೆಯಾಗಿದ್ದು ಸತ್ತವನ ವಯಸ್ಸು 18ರಿಂದ 59ರೊಳಗಿದ್ದರೆ ರಾಷ್ಟ್ರೀಯ ಕುಟುಂಬ ನೆರವಿನ 20,000 ಒಂದೇ ಸಲಕ್ಕೆ. ಎರಡೂ ಅರ್ಜಿ ಒಂದೇ ದಿನ ಹಾಕಿಸುತ್ತೇನೆ. ಕೂಲಿ ಬಿಟ್ಟು ಅವಳು ಎಷ್ಟು ಸಲ ಬರಲಾದೀತು?

ಮಕ್ಕಳ ವಿಷಯದಲ್ಲಿ ಬಂಧುಗಳ ಮೊದಲ ಸಲಹೆ ‘ಯಾವುದಾದರೂ ಆಶ್ರಮಕ್ಕೆ ಹಾಕಿ’ ಎಂಬುದು. ಮಕ್ಕಳು ತಾಯಿಯ ಹತ್ತಿರವೇ ಉಳಿಯಲಿ ಎಂದೇ ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವ ಇರುವುದು: ಮಗುವಿಗೆ ತಿಂಗಳಿಗೆ 4,000. ವರ್ಷದ ಆದಾಯ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮನೆ ಭೇಟಿಯ ವರದಿಯಾಗಿ, ಸಮಿತಿ ಒಪ್ಪಿ, ಹಣ ಬರುವಷ್ಟರಲ್ಲಿ ತಿಂಗಳುಗಳು ಕಳೆಯಬಹುದು. ಇದನ್ನು ತಾಯಿಗೆ ಮೊದಲೇ ಬಿಚ್ಚಿ ಹೇಳುತ್ತೇನೆ. ಬರುವ ದುಡ್ಡನ್ನು ನಂಬಿ ಈಗಲೇ ಕೈಸಾಲ ಮಾಡುವವರಿದ್ದಾರೆ.

ಸಂಘದ ಸಾಲ, ಫೈನಾನ್ಸ್ ಸಾಲ ಇದ್ದರೆ ಸಾಲ ಕೊಟ್ಟ ದಿನ ಎಷ್ಟು ಹಿಡಿದುಕೊಂಡರು ಎಂದು ಕಾರ್ಡಿನಲ್ಲಿ ನೋಡುತ್ತೇನೆ. ವಿಮೆಯ ಕಂತು ಹಿಡಿದಿದ್ದರೆ, ಸಾಲ ಹೆಂಡತಿಯ ಹೆಸರಲ್ಲಿದ್ದರೂ ಗಂಡನ ಸಾವಿಗೂ ಅದು ಅನ್ವಯವಾಗುವುದುಂಟು. ಮರಣ ಪತ್ರದ ಪ್ರತಿ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳದಿದ್ದರೆ ವಾರದ ಕಂತಿನವರು ‘ನಮಗೆ ಮಾಹಿತಿ ಇಲ್ಲ’ ಎಂದು ಬಾಗಿಲಿಗೆ ಬರುತ್ತಲೇ ಇರುತ್ತಾರೆ. ಬಾಗಿಲಲ್ಲಿ ಕೂತು ಕಿರುಕುಳ ಕೊಟ್ಟರೆ 2025ರಲ್ಲಿ ರಾಜ್ಯ ಸರ್ಕಾರ ತಂದ ಕಿರುಸಾಲ ಕಾನೂನಿದೆ, ಪೊಲೀಸ್ ಠಾಣೆಗೆ ದೂರು ಕೊಡಬಹುದು.

ಎಲ್ಲ ಅರ್ಜಿಯ ನಂಬರು, ತಾರೀಕು ಅವಳ ಹತ್ತಿರವೇ ಇರುವ ಒಂದು ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ, ನನ್ನ ಫೈಲಿನಲ್ಲಲ್ಲ. ಮೂರನೇ ತಿಂಗಳು ‘ಪಿಂಚಣಿ ಬಂತು’ ಎಂದು ಫೋನ್ ಬಂದರೂ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿ ನೋಡುತ್ತೇನೆ. ಗೃಹಲಕ್ಷ್ಮಿಯ 2,000 ಜಮೆಯಾದದ್ದನ್ನೇ ಪಿಂಚಣಿ ಎಂದುಕೊಂಡವರು ಬಹಳ.