ಮಲೆನಾಡಿನ ಮಳೆ ತಡೆದ ಹಸಿ ಚರ್ಮದ ಒರೆ: ನನ್ನ ಅನುಭವ

ಈ ವರ್ಷದ ಮಳೆಗಾಲ ಮುಗಿಯಿತು. ನನ್ನ ಚೂರಿಯ ಒರೆ ಇನ್ನೂ ಹಲಗೆಯ ಹಾಗೆ ಗಟ್ಟಿಯಾಗಿದೆ. ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗಿರುತ್ತದೆ ಗೊತ್ತಲ್ವಾ? ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಹದ ಮಾಡದ ಹಸಿ ಚರ್ಮದಲ್ಲಿ ಒರೆ ಮಾಡುತ್ತೇನೆ ಅಂದಾಗ ಕುಲುಮೆಯ ಆಚಾರ್ರು, "ಒಂದು ಮಳೆಗೆ ನೆನೆದ ಹಪ್ಪಳ ಆಗುತ್ತೆ, ಸುಮ್ನಿರಿ ಮಾರಾಯ್ರೆ" ಅಂದಿದ್ದರು. ಹೋದ ವಾರ ಅವರೇ ತಮಗೊಂದು ಬೇಕು ಅಂದರು.

ಚೂರಿಯ ಕಥೆ ಬೇಗ ಮುಗಿಸುತ್ತೇನೆ. ಗುಜರಿಯಿಂದ ತಂದ ಜೀಪಿನ ಸ್ಪ್ರಿಂಗಿನ ಹಳೆ ಪ್ಲೇಟು, 2 ಕೆಜಿ, ಸುಮಾರು 150 ರೂಪಾಯಿ. ಅಲಗು 5 ಇಂಚು. ಗಟ್ಟಿಯಾಗಲಿ ಅಂತ ಮೊದಲನೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ಟಿಣ್ ಅಂತ ಸದ್ದಾಯಿತು. ಒರೆಸಿ ನೋಡಿದರೆ ಬಾಯಿಯಿಂದ ಬೆನ್ನಿನ ಕಡೆಗೆ ಕೂದಲೆಳೆಯಷ್ಟು ಬಿರುಕು. ಎರಡು ದಿನ ಅರ ಉಜ್ಜಿದ್ದು ದಂಡ. ಎರಡನೆಯದಕ್ಕೆ ಅಯಸ್ಕಾಂತ ಅಂಟುವುದು ನಿಂತ ಮೇಲೂ ಸ್ವಲ್ಪ ಕಾಯಿಸಿ, ಬಿಸಿ ಕಡಲೆಕಾಯಿ ಎಣ್ಣೆಗೆ ಅದ್ದಿದೆ. ಅರ ಕಚ್ಚದೆ ಜಾರಿತು, ಅಂದರೆ ಅಲಗು ಗಟ್ಟಿಯಾಗಿದೆ. ಆಮೇಲೆ ಪೆಡಸು ಕಡಿಮೆಯಾಗಲಿ ಅಂತ ಮನೆಯ ಓವನ್‌ನಲ್ಲಿ 200 ಡಿಗ್ರಿ, ಎರಡೆರಡು ಗಂಟೆ, ಎರಡು ಸಲ. ಒಣಹುಲ್ಲಿನ ಬಣ್ಣ ಬಂತು. ಹಿಡಿಗೆ ಹಳೆ ರೊಬಸ್ಟಾ ಕಾಫಿ ಗಿಡದ ಬೊಡ್ಡೆ. ಅಷ್ಟು ಗಟ್ಟಿ ಮರವನ್ನು ಒಲೆಗೆ ಹಾಕುತ್ತೇವಲ್ಲ ಅಂತ ಬೇಜಾರಾಗುತ್ತದೆ.

ನಿಜವಾಗಿ ಸತಾಯಿಸಿದ್ದು ಒರೆ. ಮಟನ್ ಅಂಗಡಿಯಿಂದ 100 ರೂಪಾಯಿಗೆ ಮೇಕೆ ಚರ್ಮ ತಂದು, ನಾಲ್ಕೈದು ದಿನ ಸುಣ್ಣದ ನೀರಿನಲ್ಲಿ ಬಿಟ್ಟು, ಕೂದಲು ಕೆರೆದೆ. ಮೊದಲ ಒರೆಯನ್ನು ಅಲಗಿನ ಮೇಲೇ ಹೊಲಿದು ಒಣಗಿಸಿದೆ. ಚರ್ಮ ಬಿಗಿದುಕೊಂಡು ಚೂರಿ ಹೊರಗೆ ಬರಲೇ ಇಲ್ಲ. ಕೊಯ್ದು ತೆಗೆದರೆ ಅಲಗಿನ ತುಂಬಾ ತುಕ್ಕು. ಚರ್ಮದಲ್ಲಿದ್ದ ಉಪ್ಪು, ಸುಣ್ಣ ಎರಡೂ ತೊಳೆದಾಗ ಸರಿಯಾಗಿ ಹೋಗಿರಲಿಲ್ಲ. ಎರಡನೆಯದನ್ನು ಆತುರಪಟ್ಟು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ, ಸೊಟ್ಟಗಾಯಿತು. ಮೂರನೆಯದು ಒಂದೇ ಪದರ. ಜುಲೈ ಮಂಜಿಗೇ ಮೆತ್ತಗಾಯಿತು.

ಮಧ್ಯೆ ಇನ್ನೊಂದು ಪ್ರಯೋಗ. ನಾಯಿ ಕಡಿಯುವ ಚರ್ಮದ ಮೂಳೆ ಅಂಗಡಿಯಲ್ಲಿ ಸಿಗುತ್ತದಲ್ಲ, 250 ರೂಪಾಯಿಯದು, ಅದನ್ನು ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ಗಂಟು ಬಿಚ್ಚಿದರೆ ಒಳ್ಳೆಯ ದಪ್ಪ ಹಾಳೆ. ಸಣ್ಣ ಚೂರಿಗೆ ಸಾಕು, ನನ್ನದಕ್ಕೆ ಸಾಲಲಿಲ್ಲ.

ಕೊನೆಗೆ ಗೆದ್ದದ್ದು ಹೀಗೆ. ಚರ್ಮವನ್ನು ಎರಡು ದಿನ ನೀರು ಬದಲಿಸುತ್ತಾ ತೊಳೆದು, ಉಳಿದ ಸುಣ್ಣ ಹೋಗಲಿ ಅಂತ ಒಂದು ಗಂಟೆ ಹುಳಿ ಮಜ್ಜಿಗೆಯಲ್ಲಿಟ್ಟು ಮತ್ತೆ ತೊಳೆದೆ. ಹಲಸಿನ ಮರದಲ್ಲಿ ಅಲಗಿನ ಪಡಿಯಚ್ಚು ಕೆತ್ತಿದೆ. ಅಲಗಿಗಿಂತ ಎರಡೂ ಬದಿ ಪೋಸ್ಟ್‌ಕಾರ್ಡಿನಷ್ಟು ದಪ್ಪ ಜಾಸ್ತಿ. ಅದಕ್ಕೆ ಪ್ಲಾಸ್ಟಿಕ್ ಸುತ್ತಿ, ಎರಡು ಪದರ ಒದ್ದೆ ಚರ್ಮ ಎಳೆದು, ಅದೇ ಚರ್ಮದ ದಾರದಲ್ಲಿ ಹೊಲಿದೆ. ನೆರಳಲ್ಲಿ ಮೂರು ದಿನ. ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು ಬಂದ ಮೇಲೇ ಅಚ್ಚು ತೆಗೆದೆ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಒಳಗೂ ಹೊರಗೂ ಮೂರು ಸಲ, ಮೇಲೆ ಜೇನುಮೇಣ. ಮೇಣಕ್ಕೆ ನಾನು ಸೇರಿಸುವ ಇನ್ನೊಂದು ವಸ್ತು ನನ್ನ ಹತ್ತಿರವೇ ಇರಲಿ. ತುದಿಯಲ್ಲಿ ನೀರು ಇಳಿಯಲು ಒಂದು ತೂತು ಮರೆಯಬೇಡಿ.

ಗೆದ್ದ ಜೋಡಿಗೆ ಖರ್ಚು 900ರ ಹತ್ತಿರ, ಹಾಳಾದವಕ್ಕೆ 3,000 ದಾಟಿರಬೇಕು. ಆಚಾರ್ರ ಒರೆಗೆ ಚರ್ಮ ನಿನ್ನೆಯಷ್ಟೇ ಸುಣ್ಣದ ನೀರಿಗೆ ಬಿದ್ದಿದೆ.