ಮಳೆನೀರಿನ ದಾರಿ ಬೇರೆ, ಕೊಳಚೆಯ ದಾರಿ ಬೇರೆ: ಮಡಿಕೇರಿಯ ಹಳೆಯ ಕೇರಿಗಳಿಗೊಂದು ಕೈಪಿಡಿ

ಮನೆಯ ಕೊಳಚೆಗೆಂದು ಹಾಕಿದ ಕೊಳವೆಯು ಮಡಿಕೇರಿಯ ಮಳೆಗಾಲವನ್ನು ಹೊರಲಾರದು. ನೂರು ಚದರ ಮೀಟರ್ ಮಾಡಿನ ಮೇಲೆ ಒಂದು ದಿನದಲ್ಲಿ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು ಇಳಿಯುತ್ತದೆ. ತಲಾ 135 ಲೀಟರ್ ಬಳಸುವ ಐವರ ಮನೆಯಿಂದ ಹೊರಬೀಳುವ ಕೊಳಚೆಯಾದರೋ ದಿನಕ್ಕೆ ಸುಮಾರು 540 ಲೀಟರ್ ಮಾತ್ರ. ಮಾಡಿನ ನೀರನ್ನು ಕೊಳಚೆಯ ಕೊಳವೆಗಳು ಕೂಡುವ ಗುಂಡಿಗೆ, ಅಂದರೆ ಚೇಂಬರಿಗೆ, ಇಳಿಸಿದ ಒಂದು ಮನೆ ಹದಿನೆಂಟು ಮನೆಗಳ ಹೊರೆಯನ್ನು ಕೊಳವೆಗೆ ಹಾಕುತ್ತದೆ, ಅದರ ಫಲವನ್ನು ಇಳಿಜಾರಿನ ಕೆಳಗಿನ ಮನೆಯವರು ಅನುಭವಿಸುತ್ತಾರೆ.

ಯಾವ ನೀರು ಯಾವ ಕೊಳವೆಗೆ ಸೇರುತ್ತಿದೆಯೆಂಬ ತಪಾಸಣೆಗೆ ಫೆಬ್ರವರಿ ಸೂಕ್ತ ಕಾಲ. ಮಳೆನೀರಿನ ಚರಂಡಿಯಲ್ಲಿ ಆಗಲೂ ನೀರು ಹರಿಯುತ್ತಿದ್ದರೆ ಬಯಲುಸೀಮೆಯಲ್ಲಿ ಅದು ಕೊಳಚೆಯೆಂದೇ ಹೇಳಿಬಿಡಬಹುದು. ನಮ್ಮಲ್ಲಿ ಒರತೆಗಳು ಮಳೆ ನಿಂತ ಮೇಲೂ ಬಹುಕಾಲ ಜಿನುಗುವುದರಿಂದ ವಾಸನೆ, ಸೋಪಿನ ನೊರೆ ಮತ್ತು ಜಿಡ್ಡನ್ನು ನೋಡಿಯೇ ತೀರ್ಮಾನಿಸಬೇಕು. ಅನಂತರ ಬಚ್ಚಲು, ಅಡುಗೆಮನೆ, ಶೌಚಾಲಯ ಮತ್ತು ಮಾಡಿನ ಕೊಳವೆಗಳಿಗೆ ಒಂದೊಂದಾಗಿ ನಿರಪಾಯಕಾರಿ ಬಣ್ಣದ ನೀರನ್ನು ಸುರಿದು, ಅದು ಯಾವ ಚೇಂಬರಿನಲ್ಲಿ ಕಾಣಿಸುತ್ತದೆಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. ಕೊಳವೆಯ ಬಿರುಕುಗಳನ್ನು ಕ್ಯಾಮೆರಾ ಇಳಿಸಿ ನೋಡಬೇಕೇ ಹೊರತು ಮನುಷ್ಯರನ್ನು ಇಳಿಸಬಾರದು. ಮ್ಯಾನ್‌ಹೋಲಿನ ವಿಷಾನಿಲ ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತದೆ; ರಕ್ಷಣಾ ಸಾಧನಗಳಿಲ್ಲದೆ ಅಲ್ಲಿ ದುಡಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ.

ಎರಡೂ ನೀರನ್ನು ಹೊರುತ್ತಿರುವ ಹಳೆಯ ಕೊಳವೆ ಅಗಲವಾಗಿದ್ದು ಸಂದುಗಳು ಸಡಿಲವಾಗಿದ್ದರೆ ಅದನ್ನು ದುರಸ್ತಿ ಮಾಡಿ ಮಳೆನೀರಿಗೆ ಬಿಟ್ಟು, ಕೊಳಚೆಗೆ ಸೋರದ ಹೊಸ ಕೊಳವೆಯನ್ನು ಹಾಕುವುದೇ ಮೇಲೆಂಬುದು ನನ್ನ ಅಭಿಪ್ರಾಯ. ಕೊಳಚೆಯು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಸಾಗದಿದ್ದರೆ ಗಟ್ಟಿ ಪದಾರ್ಥ ತಳದಲ್ಲಿ ಕೂರುತ್ತದೆ. ಆದ್ದರಿಂದ ಮನೆಯಿಂದ ಹೊರಡುವ 100 ಮಿಲಿಮೀಟರ್ ಕೊಳವೆಗೆ 40 ಅಡಿಗೆ ಒಂದು ಅಡಿಯಷ್ಟು ಇಳಿಜಾರು ಕೊಡಬೇಕು. ಬಚ್ಚಲು, ಅಡುಗೆಮನೆಯ ನೀರು ಹೊರಗೆ ಬಂದು ಬೀಳುವ ಜಾಲರಿಯ ಗುಂಡಿಯ, ಅಂದರೆ ಗಲ್ಲಿ ಟ್ರ್ಯಾಪಿನ, ಅಂಚು ಅಂಗಳಕ್ಕಿಂತ ಎತ್ತರವಾಗಿರಲಿ. ಅಂಗಳದ ನೀರು ಒಳಚರಂಡಿಗೆ ನುಗ್ಗುವುದು ಬಹುಪಾಲು ಅಲ್ಲಿಂದಲೇ. ಕೇರಿಯ ಕೊನೆಯ ಶೌಚಾಲಯವೂ ಹೊಸ ಕೊಳವೆಗೆ ಸೇರುವವರೆಗೆ ಹಳೆಯದನ್ನು ತೋಡಿಗೆ (ಸಣ್ಣ ಹಳ್ಳಕ್ಕೆ) ತೆರೆಯಬಾರದು, ಏಕೆಂದರೆ ಕೆಳಗಿನ ಊರುಗಳು ಕುಡಿಯುವುದು ಆ ತೋಡುಗಳು ಸೇರುವ ಹೊಳೆಯ ನೀರನ್ನೇ.

ಬೇರ್ಪಡಿಸಿದ ಮಳೆನೀರನ್ನು ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಅಂಚಿನಲ್ಲಿ ಇಂಗುಗುಂಡಿ ತೋಡಿ ಇಳಿಸುವುದನ್ನು ದಯವಿಟ್ಟು ಮಾಡಬೇಡಿ. ನೀರು ಕುಡಿದ ಮಣ್ಣು ಹೇಗೆ ಜಾರುತ್ತದೆಂಬುದನ್ನು 2018ರ ಆಗಸ್ಟ್‌ನಲ್ಲಿ ನಾವು ಕಂಡಿದ್ದೇವೆ. ಕಟ್ಟಿದ ಚರಂಡಿಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ರಭಸ ತಗ್ಗಿಸುತ್ತ, ಅದನ್ನು ಸಹಜ ತೋಡಿನವರೆಗೆ ಒಯ್ಯಬೇಕು.

ಕಾಫಿಯ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಬಂದಾಗ ಕೊಳಚೆಯ ಚೇಂಬರಿನ ಮುಚ್ಚಳ ತೆಗೆದು ನೋಡಿ. ಕೆಲವೇ ನಿಮಿಷಗಳಲ್ಲಿ ನೀರು ಏರಿದರೆ ಯಾವುದೋ ಮಾಡಿನ ಕೊಳವೆ ಇನ್ನೂ ಅದಕ್ಕೇ ಸೇರಿಕೊಂಡಿದೆ. ಆಗ ಏರದೆ, ಜುಲೈಯಲ್ಲಿ ನೆಲ ನೆನೆದ ಮೇಲೆ ನಿಧಾನವಾಗಿ ಏರಿ ಮಳೆ ಬಿಟ್ಟರೂ ಇಳಿಯದಿದ್ದರೆ, ನೆಲದ ನೀರನ್ನು ಕೊಳವೆಯೊಳಗೆ ಬಿಡುತ್ತಿರುವ ಸೋರುವ ಸಂದನ್ನು ಹುಡುಕಬೇಕು.